ಮುಂಬೈಗೇ ಯಜಮಾನನಾಗಿದ್ದ ಊರು

ವಸಾಯಿ ಕೋಟೆ ನೋಡಬೇಕು ಅಂದಾಗ ಮುಂಬೈ ಕಡೆಯ ನಮ್ಮ ನೆಂಟರಲ್ಲಿ ಯಾರಿಗೂ ಖುಷಿಯಾಗಲಿಲ್ಲ. "ಅಲ್ಲೇನಿದೆ ಮಾರಾಯ? ಮುರಿದ ಗೋಡೆ, ಮುಳ್ಳುಗಿಡ, ಫೋಟೊ ಹೊಡೆಸಿಕೊಳ್ಳೋಕೆ ಬಂದ ಜೋಡಿಗಳು. ಎಲಿಫೆಂಟಾಕ್ಕಾದ್ರೂ ಹೋಗು" ಅಂದರು ಅಣ್ಣ. ಅಣ್ಣ ಅಂದರೆ ದೊಡ್ಡಪ್ಪನ ಮಗ. ಸಾಗರ ಬಿಟ್ಟು ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತು, ಆಮೇಲೆ ಬೇರೆ ಕೆಲಸ ಹಿಡಿದು, ಕೊನೆಗೆ ವಸಾಯಿಯಲ್ಲೇ ಫ್ಲಾಟ್ ತಗೊಂಡವರು. ಕೋಟೆಗೆ ಅವರ ಮನೆಯಿಂದ ಆಟೋದಲ್ಲಿ ಹೋಗಬಹುದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ. ವಾರಕ್ಕೊಂದು ಭಾನುವಾರ ಸಿಗುತ್ತೆ, ಆವತ್ತು ನಿದ್ದೆ ಮಾಡೋದು ಬಿಟ್ಟು ಕಲ್ಲು ನೋಡೋಕೆ ಹೋಗ್ಬೇಕಾ ಅನ್ನೋದು ಅವರ ವಾದ. ದಿನಾ ಲೋಕಲ್ ಟ್ರೇನಿನಲ್ಲಿ ನಿಂತು ಹೋಗಿಬರುವವರ ಎದುರು ಈ ವಾದಕ್ಕೆ ಉತ್ತರ ಕೊಡುವುದು ಕಷ್ಟ.

ನನಗೆ ಮಾತ್ರ ಆ ಊರಿನ ಮೇಲೆ ಬಹಳ ದಿನದ ಕುತೂಹಲ. ಈಗ ವಸಾಯಿ ಅಂದರೆ ಮುಂಬೈಯ ಒಂದು ತುದಿ. ಪಶ್ಚಿಮ ಲೈನಿನಲ್ಲಿ ವಿರಾರ್‌ಗಿಂತ ಎರಡು ಸ್ಟೇಷನ್ ಮೊದಲು. ಊರೊಳಗೆ ಮನೆ ಕೊಳ್ಳಲಾಗದವರು ಹುಡುಕಿಕೊಂಡು ಹೋಗುವ ಜಾಗ. ಆದರೆ ಸುಮಾರು 130 ವರ್ಷ ಈ ಲೆಕ್ಕ ಉಲ್ಟಾ ಇತ್ತು. ವಸಾಯಿ ರಾಜಧಾನಿ, ಬಾಂಬೆ ಅದರ ಕೈಕೆಳಗಿನ ಒಂದಷ್ಟು ದ್ವೀಪ. ವಸಾಯಿಯಲ್ಲಿ ಕೂತವರು ಹೇಳಿದ್ದು ಬಾಂಬೆಯಲ್ಲಿ ನಡೆಯುತ್ತಿತ್ತು. ಯಜಮಾನನಾಗಿದ್ದ ಊರು ಹಾಳುಬಿದ್ದು, ಅದರ ಕೈಕೆಳಗಿದ್ದದ್ದು ದೇಶದ ಅತಿ ದೊಡ್ಡ ಪೇಟೆಯಾಗಿದ್ದು ಹೇಗೆ? ಪುಸ್ತಕದಲ್ಲಿ ಓದಿದ್ದೆ. ಜಾಗ ನೋಡಬೇಕಿತ್ತು.

ಜನವರಿಯ ಒಂದು ಭಾನುವಾರ ದಾದರಿನಲ್ಲಿ ವಿರಾರ್ ಗಾಡಿ ಹತ್ತಿದೆ. ರಜೆಯ ಬೆಳಿಗ್ಗೆ ಆದ್ದರಿಂದ ಕೂರಲು ಸೀಟು ಸಿಕ್ಕಿತು. ಭಾಯಂದರ್ ದಾಟಿದ ಮೇಲೆ ಕಟ್ಟಡಗಳು ತಟ್ಟನೆ ಮುಗಿದು ಗಾಡಿ ಸೇತುವೆ ಮೇಲೆ ಹೋಗುತ್ತದೆ. ಕೆಳಗೆ ವಸಾಯಿ ಖಾರಿ, ಅಂದರೆ ಸಮುದ್ರ ಒಳನುಗ್ಗಿದ ಅಳಿವೆ. ಅಗಲವಾದ ಕೆಸರುಬಣ್ಣದ ನೀರು. ಎಡಗಡೆ ಈ ನೀರು ಸಮುದ್ರ ಸೇರುವಲ್ಲಿ, ಉತ್ತರದ ದಂಡೆ ಮೇಲೆ ಕೋಟೆ ಇದೆ. ಟ್ರೇನಿನಿಂದ ಕಾಣುವುದಿಲ್ಲ. ಆದರೆ ಅಲ್ಲಿ ಯಾಕೆ ಕಟ್ಟಿದರು ಅನ್ನೋದು ಈ ಸೇತುವೆ ಮೇಲೇ ಗೊತ್ತಾಗುತ್ತದೆ. ಒಳನಾಡಿನಿಂದ ದೋಣಿಯಲ್ಲಿ ಬರುವ ಮರ, ಅಕ್ಕಿ, ಸರಕು ಎಲ್ಲ ಈ ಬಾಯಿಯಿಂದಲೇ ಹೊರಗೆ ಬರಬೇಕು. ಬಾಯಿಯಲ್ಲಿ ತೋಪು ಇಟ್ಟು ಕೂತರೆ ಸಾಕು.

ಪೋರ್ಚುಗೀಸರಿಗೆ ಈ ಜಾಗ ಯುದ್ಧದಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಸಂಕಟದಲ್ಲಿ ಸಿಕ್ಕಿತು. ಗುಜರಾತಿನ ಸುಲ್ತಾನ ಬಹಾದೂರ್ ಷಾನಿಗೆ ಒಂದು ಕಡೆ ಹುಮಾಯೂನನ ಭಯ, ಇನ್ನೊಂದು ಕಡೆ ಸಮುದ್ರದಲ್ಲಿ ಪೋರ್ಚುಗೀಸ್ ಹಡಗುಗಳ ಕಾಟ. ಎರಡರಲ್ಲಿ ಒಂದನ್ನಾದರೂ ತಣ್ಣಗೆ ಮಾಡಬೇಕಿತ್ತು. 1534ರ ಡಿಸೆಂಬರ್ 23ರಂದು ಗವರ್ನರ್ ನೂನೊ ದ ಕುನ್ಯಾನ ಜೊತೆ ಒಪ್ಪಂದವಾಯಿತು. ಸಹಿ ಬಿದ್ದದ್ದು ಹಡಗಿನ ಮೇಲೆ. ವಸಾಯಿ, ಅದರ ಸುತ್ತಲಿನ ಭೂಮಿ, ಜೊತೆಗೆ ಬಾಂಬೆಯ ದ್ವೀಪಗಳು ಪೋರ್ಚುಗೀಸರ ಪಾಲಾದವು. ಬಾಂಬೆ ಇಲ್ಲಿ ಜೊತೆಗೆ ಬಂದ ಸಾಮಾನು, ನೆನಪಿಡಿ. ಸುಲ್ತಾನನಿಗಂತೂ ಈ ಸ್ನೇಹ ಒಳ್ಳೇದಾಗಲಿಲ್ಲ. 1537ರಲ್ಲಿ ದೀವ್ ಹತ್ತಿರ ಪೋರ್ಚುಗೀಸರ ಹಡಗಿಗೆ ಮಾತುಕತೆಗೆ ಹೋಗಿ ವಾಪಸು ಬರುವಾಗ ಗಲಾಟೆಯಲ್ಲಿ ಸತ್ತ.

ವಸಾಯಿ ರೋಡ್ ಸ್ಟೇಷನ್ನಿನಲ್ಲಿ ಅತ್ತಿಗೆ ಕಾಯುತ್ತಿದ್ದರು. ಅಣ್ಣ ಮಲಗಿದ್ದರು. "ಇವರನ್ನ ಎಬ್ಬಿಸಿದರೆ ಇಡೀ ದಿನ ಕೋಟೆ ಮೇಲೆ ಯುದ್ಧ ಆಗುತ್ತೆ, ನಾನೇ ಬರ್ತೀನಿ ನಡಿ" ಅಂದರು. ಸ್ಟೇಷನ್ನಿನಿಂದ ಏಳೆಂಟು ಕಿಲೋಮೀಟರ್. ಮೊದಲು ಹೊಸ ವಸಾಯಿ: ಮೊಬೈಲ್ ಅಂಗಡಿ, ಕೋಚಿಂಗ್ ಕ್ಲಾಸ್, ಅರ್ಧ ಎದ್ದ ಅಪಾರ್ಟ್‌ಮೆಂಟು. ಆಮೇಲೆ ಇದ್ದಕ್ಕಿದ್ದಂತೆ ಹಳೇ ವಸಾಯಿ: ಬಾಳೆತೋಟ, ಬಾವಿ, ಹೆಂಚಿನ ಮನೆ, ರಸ್ತೆಯ ತಿರುವಿನಲ್ಲಿ ಹೂವಿನ ಹಾರ ಹಾಕಿದ ಶಿಲುಬೆ. ಕರಾವಳಿಯ ನಮ್ಮ ಕಡೆ ಎಲ್ಲೋ ಇದ್ದೇನೆ ಅನ್ನಿಸುವಷ್ಟು ಹತ್ತಿರದ ನೋಟ.

ಕೋಟೆಯ ಬಾಗಿಲು ಅಂದರೆ ಟಿಕೆಟ್ ಕೌಂಟರ್, ಸೆಕ್ಯುರಿಟಿ, ಸಾಲು ಅಂದುಕೊಂಡಿದ್ದೆ. ಹಾಗೇನಿಲ್ಲ. ಡಾಂಬರು ರಸ್ತೆ ಸೀದಾ ಕೋಟೆಯೊಳಗೆ ಹೋಗಿ ಆ ಕಡೆಯ ಮೀನುಗಾರರ ಬಂದರಿಗೆ ತಲುಪುತ್ತದೆ. ಮೀನಿನ ಬುಟ್ಟಿ ಕಟ್ಟಿಕೊಂಡ ಸ್ಕೂಟರು, ಆಟೋ, ಬಸ್ಸು ಎಲ್ಲ ಅದರಲ್ಲೇ. ಒಳಗೆ ಸುಮಾರು 110 ಎಕರೆ. ಅದರ ತುಂಬ ತಾಳೆ ಮರ, ಪೊದೆ, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಎದ್ದು ನಿಂತ ಚರ್ಚಿನ ಗೋಡೆ. 1739ರಲ್ಲಿ ಈ ಕೋಟೆ ಗೆದ್ದ ಮರಾಠಾ ಸೇನಾಪತಿ ಚಿಮಾಜಿ ಅಪ್ಪಾ ಕುದುರೆ ಮೇಲೆ ಕೂತ ಪ್ರತಿಮೆ ಒಂದು ಕಡೆ. ಸ್ವಲ್ಪ ಮುಂದೆ ನಾಗೇಶ್ವರನ ಗುಡಿ. ನಾವು ಹೋದಾಗ ಗುಡಿಯ ಮುಂದೆ ಇಬ್ಬರು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ವಿಕೆಟ್ಟಿಗೆ ಇಟ್ಟಿದ್ದು ಯಾವುದೋ ಕಮಾನಿನಿಂದ ಬಿದ್ದ ಕೆತ್ತನೆಯ ಕಲ್ಲು.

ಆ ಕಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಮಲೆನಾಡು, ಕರಾವಳಿಯವರಿಗೆ ಹಳೇ ಕಟ್ಟಡ ಅಂದರೆ ಜಂಬಿಟ್ಟಿಗೆ. ಕೆಂಪು, ತೂತು ತೂತು, ಮಳೆ ಬಿದ್ದಂತೆ ಕಪ್ಪಾಗುವ ಕಲ್ಲು. ಗೋವಾದ ಚರ್ಚುಗಳದ್ದೂ ಅದೇ. ಆದರೆ ಆ ಕಲ್ಲಿನಲ್ಲಿ ನಯವಾದ ಕೆತ್ತನೆ ಬರುವುದಿಲ್ಲ. ವಸಾಯಿಯ ಕಡೆ ಸಿಗುವುದು ಬಸಾಲ್ಟ್, ಬೂದುಗಪ್ಪಿನ ಗಟ್ಟಿ ಕಲ್ಲು. ಕಂಬ, ಕಮಾನು, ಬಾಗಿಲಿನ ಸುತ್ತಲಿನ ಅಲಂಕಾರಕ್ಕೆ ಹೇಳಿಮಾಡಿಸಿದ್ದು. ಹಾಗಾಗಿ ಇಲ್ಲಿಂದ ಕಡೆದ ಕಲ್ಲು ಹಡಗಿನಲ್ಲಿ ಗೋವಾಕ್ಕೆ ಹೋಗುತ್ತಿತ್ತು. ಹಳೇ ಗೋವಾದ ಬಾಮ್ ಜೀಸಸ್ ಚರ್ಚಿಗೆ ಹೋದವರು ಮುಂಭಾಗ ನೆನಪಿಸಿಕೊಳ್ಳಿ. ಕೆಂಪು ಗೋಡೆಯ ನಡುವೆ ಕಪ್ಪು ಕಲ್ಲಿನ ಕಂಬ, ಪಟ್ಟಿ. ಆ ಕಪ್ಪು ಕಲ್ಲಿನ ಊರು ಇದು. ಗೋವಾದಲ್ಲಿ ಅದನ್ನು ನೋಡಲು ಬಸ್ಸುಗಟ್ಟಲೆ ಜನ. ಇಲ್ಲಿ ಅದೇ ಕಲ್ಲು ಸ್ಟಂಪು.

ನನಗೆ ಜಾಸ್ತಿ ಹೊತ್ತು ಬೇಕಾಗಿದ್ದು ಫ್ರಾನ್ಸಿಸ್ಕನ್ ಪಾದ್ರಿಗಳ ಚರ್ಚಿನಲ್ಲಿ. ಮಾಡು ಯಾವತ್ತೋ ಹೋಗಿದೆ. ಒಳಗೆ ನಿಂತು ತಲೆಯೆತ್ತಿದರೆ ಆಕಾಶ. ಪಕ್ಕದ ಗೋಡೆಯನ್ನು ಅರಳಿಮರದ ಬೇರು ತಬ್ಬಿಕೊಂಡಿದೆ. ಆ ಬೇರನ್ನು ಕಡಿದರೆ ಗೋಡೆಯೂ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ, ಸ್ವಲ್ಪ ನಿಧಾನ ಅಷ್ಟೆ. ನೆಲದ ತುಂಬ ಸಮಾಧಿ ಕಲ್ಲುಗಳು. ಒಂದರ ಪಕ್ಕ ಒಂದು, ಮೆಟ್ಟದೆ ನಡೆಯಲು ಜಾಗವಿಲ್ಲ. ಅತ್ತಿಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಯಾರೂ ಹೇಳಲಿಲ್ಲ, ಅವರಿಗೇ ಅನ್ನಿಸಿತು.

ಒಂದು ಕಲ್ಲಿನ ಮುಂದೆ ಕೂತೆ. ಮೇಲೆ ಗುರಾಣಿಯ ಆಕಾರದ ಮನೆತನದ ಲಾಂಛನ, ಅರ್ಧ ಸವೆದಿದೆ. ಕೆಳಗೆ ಅಕ್ಷರಗಳು. ಕೆತ್ತಿದವನು ಪದಗಳ ನಡುವೆ ಜಾಗ ಬಿಟ್ಟಿಲ್ಲ. ಸಾಲು ಮುಗಿಯುವಲ್ಲಿ ಜಾಗ ಸಾಲದೆ ಅಕ್ಷರಗಳನ್ನು ಒಂದರೊಳಗೊಂದು ತುರುಕಿದ್ದಾನೆ. ಕೊರೆದ ಗೆರೆಗಳಲ್ಲಿ ಒಣಗಿದ ಪಾಚಿ, ಅದರ ಮೇಲೆ ಇರುವೆ ಸಾಲು. ಆ ಕಾಲದ ಪೋರ್ಚುಗೀಸ್ ಸಮಾಧಿಗಳಲ್ಲಿ ಬರೆಯುವುದಕ್ಕೆ ಒಂದು ಪದ್ಧತಿ ಇತ್ತು. ಈ ಸಮಾಧಿ ಇಂಥವರದ್ದು, ಮತ್ತು ಇವರ ವಾರಸುದಾರರದ್ದು ಅಂತ. ನಮ್ಮಲ್ಲಿ ಜಮೀನಿನ ಪತ್ರದಲ್ಲಿ ಪುತ್ರ ಪೌತ್ರ ಪಾರಂಪರ್ಯವಾಗಿ ಅಂತ ಬರೆಸುವುದಿಲ್ಲವೇ, ಹಾಗೆ. ಮಗ, ಮೊಮ್ಮಗ, ಮರಿಮಗ ಎಲ್ಲ ಇದೇ ಊರಲ್ಲಿ ಸಾಯುತ್ತಾರೆ, ಇದೇ ಕಲ್ಲಿನ ಕೆಳಗೆ ಬರುತ್ತಾರೆ ಅನ್ನೋ ನಂಬಿಕೆ. 1739ರ ಮೇ ತಿಂಗಳಲ್ಲಿ ಆ ವಾರಸುದಾರರಿಗೆ ಊರು ಬಿಡಲು ಎಂಟು ದಿನ ಸಿಕ್ಕಿತು.

ಅಲ್ಲಿಗೆ ಬರುವ ಮೊದಲು, ಈ ಗೋಡೆಯೊಳಗೆ ಇದ್ದವರು ಯಾರು ಅಂತ ನೋಡಬೇಕು. ಮುಖ್ಯವಾಗಿ ಪೋರ್ಚುಗೀಸ್ ಕುಲೀನರು ಮತ್ತು ಪಾದ್ರಿಗಳು. ದಮನ್‌ನಿಂದ ಚೌಲ್‌ವರೆಗಿನ ಸೀಮೆಗೆ ಉತ್ತರ ಪ್ರಾಂತ ಅಂತ ಹೆಸರು, ವಸಾಯಿ ಅದರ ಮುಖ್ಯ ಪಟ್ಟಣ. ಸುತ್ತಲಿನ ಹಳ್ಳಿಗಳನ್ನು ಕುಲೀನರಿಗೂ ಚರ್ಚಿನ ಸಂಸ್ಥೆಗಳಿಗೂ ಹಂಚಿಕೊಟ್ಟಿದ್ದರು. ಹಳ್ಳಿಯ ಗೇಣಿ ಬರುತ್ತದೆ, ಕೋಟೆಯೊಳಗೆ ದೊಡ್ಡ ಮನೆ, ಮಹಡಿ, ಪಲ್ಲಕ್ಕಿ. ಕೆಲಸದವರು, ಕುಶಲಕರ್ಮಿಗಳು, ವ್ಯಾಪಾರಿಗಳ ವಾಸ ಹೆಚ್ಚಾಗಿ ಹೊರಗೆ. ಜೆಸ್ಯೂಟರ ಚರ್ಚು, ಡೊಮಿನಿಕನ್ನರ ಚರ್ಚು, ಫ್ರಾನ್ಸಿಸ್ಕನ್ನರದ್ದು, 1546ರಲ್ಲಿ ಶುರುವಾಗಿ 1601ರಲ್ಲಿ ದೊಡ್ಡದಾದ ಸೇಂಟ್ ಜೋಸೆಫರ ಪ್ರಧಾನ ಚರ್ಚು. ಒಂದು ಪುಟ್ಟ ಊರಿಗೆ ಇಷ್ಟೊಂದು! ದೇವರಿಗೂ ಗೇಣಿದಾರರಿಗೂ ಕಟ್ಟಿದ ಊರು ಅನ್ನಬಹುದು. ಮಾರಾಟಗಾರನಿಗೆ ಇದರಲ್ಲಿ ಹೆಚ್ಚು ಜಾಗವಿರಲಿಲ್ಲ.

ಬಾಂಬೆ ಆಗ ಎಷ್ಟು ಸಣ್ಣದು ಅಂದರೆ, ಇಡೀ ದ್ವೀಪವನ್ನು ಒಬ್ಬ ವೈದ್ಯನಿಗೆ ಗೇಣಿಗೆ ಕೊಟ್ಟಿದ್ದರು. ಗಾರ್ಸಿಯಾ ದ ಓರ್ಟಾ. ಭಾರತದ ಗಿಡಮೂಲಿಕೆ, ಮಸಾಲೆಗಳ ಬಗ್ಗೆ 1563ರಲ್ಲಿ ಗೋವಾದಲ್ಲಿ ಪುಸ್ತಕ ಅಚ್ಚುಹಾಕಿಸಿದವನು. ವರ್ಷಕ್ಕಿಷ್ಟು ಅಂತ ಕಟ್ಟಿದರೆ ದ್ವೀಪ ನಿನ್ನದು. ತೆಂಗು, ಗದ್ದೆ, ಉಪ್ಪಿನಗದ್ದೆ, ಮೀನುಗಾರರ ಕೇರಿಗಳು. ಈಗ ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಲು ಅಣ್ಣನಂಥವರಿಗೆ ಆಗಲಿಲ್ಲ, ಅದಕ್ಕೇ ವಸಾಯಿಗೆ ಬಂದದ್ದು.

1661ರಲ್ಲಿ ಪೋರ್ಚುಗಲ್ ರಾಜ ತನ್ನ ಅಕ್ಕ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಕೊಡುವ ಮಾತಾಯಿತು. ವರದಕ್ಷಿಣೆಯಲ್ಲಿ ಬಾಂಬೆಯೂ ಇತ್ತು. ಲಿಸ್ಬನ್‌ನಲ್ಲಿ ಇದೇನೂ ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ. ಇಲ್ಲಿದ್ದವರಿಗೆ ಗೊತ್ತಿತ್ತು. ವೈಸರಾಯ್ ಮೆಲೊ ಇ ಕಾಸ್ತ್ರೊ ಕೊಡದೆ ಎಳೆದಾಡಿದ. ಇಂಗ್ಲಿಷರು ಬಾಂಬೆಯಲ್ಲಿ ಕಾಲೂರಿದ ದಿನವೇ ಇಂಡಿಯಾ ನಮ್ಮ ಕೈತಪ್ಪುತ್ತದೆ ಅಂತ ರಾಜನಿಗೆ ಬರೆದ. ಯಾರೂ ಕೇಳಲಿಲ್ಲ. 1665ರಲ್ಲಿ ದ್ವೀಪ ಕೈಬದಲಾಯಿತು. ಚಾರ್ಲ್ಸನಿಗೂ ಅದು ಖರ್ಚಿನ ಬಾಬ್ತು ಅನ್ನಿಸಿ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿಬಿಟ್ಟ.

ಇದರಿಂದಲೇ ವಸಾಯಿ ಮುಳುಗಿತು ಅಂತ ಹೇಳುವವರಿದ್ದಾರೆ. ಬಂದರಿನ ಕಾರಣ ಖಂಡಿತ ಇದೆ. ಬಾಂಬೆಯದು ಆಳವಾದ ನೀರು, ದ್ವೀಪಗಳ ಮರೆ, ದೊಡ್ಡ ಹಡಗು ಮಳೆಗಾಲದಲ್ಲೂ ನಿಲ್ಲಬಹುದು. ಆದರೆ ಬಂದರು ಪೋರ್ಚುಗೀಸರ ಕೈಯಲ್ಲಿದ್ದಾಗಲೂ ಆಳವೇ ಇತ್ತಲ್ಲ? ಅವರು ಅಲ್ಲಿ ತೆಂಗು ಬೆಳೆದರು. ಬದಲಾದದ್ದು ಜನರನ್ನು ಕರೆಯುವ ರೀತಿ. 1669ರಿಂದ 1677ರವರೆಗೆ ಬಾಂಬೆಯ ಗವರ್ನರ್ ಆಗಿದ್ದ ಜೆರಾಲ್ಡ್ ಆಂಜಿಯರ್, ಬನ್ನಿ, ವ್ಯಾಪಾರ ಮಾಡಿ, ನಿಮ್ಮ ದೇವರು ನಿಮಗೆ ಅಂದ. ದೀವ್‌ನಲ್ಲಿದ್ದ ನಿಮಾ ಪಾರೇಖ್ ಅನ್ನೋ ವರ್ತಕ 1677ರಲ್ಲಿ ಕಂಪನಿಯ ಜೊತೆ ಲಿಖಿತ ಕರಾರೇ ಮಾಡಿಕೊಂಡ. ನಮ್ಮ ಪೂಜೆಗೆ ಅಡ್ಡಿ ಬರಬಾರದು, ನಮ್ಮ ಸತ್ತವರನ್ನು ನಮ್ಮ ಪದ್ಧತಿಯಲ್ಲಿ ಸುಡಲು ಬಿಡಬೇಕು ಅಂತ. ದೀವ್ ಪೋರ್ಚುಗೀಸರದ್ದು. ಅವರ ಊರಿನ ವರ್ತಕ ಹೀಗೆಲ್ಲ ಬರೆಸಿಕೊಂಡು ಇಂಗ್ಲಿಷರ ಊರಿಗೆ ಹೊರಡುತ್ತಾನೆ ಅಂದರೆ ಅಲ್ಲಿ ಏನು ಸಿಗುತ್ತಿರಲಿಲ್ಲ ಅಂತ ಊಹಿಸಬಹುದು. ಗೋವಾದಲ್ಲಿ 1560ರಿಂದ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಕೂತಿತ್ತು, ಅದರ ಕೈ ಉತ್ತರ ಪ್ರಾಂತಕ್ಕೂ ಚಾಚುತ್ತಿತ್ತು. ಇಂಗ್ಲಿಷರು ಧರ್ಮಾತ್ಮರಾಗಿದ್ದರು ಅಂತಲ್ಲ. ಅವರಿಗೆ ಸುಂಕ ಬೇಕಿತ್ತು. ಸುಂಕ ಕಟ್ಟುವವನು ಯಾವ ದೇವರಿಗೆ ಕೈಮುಗಿಯುತ್ತಾನೆ ಅನ್ನೋದು ಅವರ ಲೆಕ್ಕದ ಪುಸ್ತಕದಲ್ಲಿ ಬರುತ್ತಿರಲಿಲ್ಲ ಅಷ್ಟೆ. ನನ್ನ ಮಟ್ಟಿಗೆ ವಸಾಯಿ ಸೋತದ್ದು ಇಲ್ಲೇ. ಚಿಮಾಜಿ ಅಪ್ಪಾ ಬರುವ ಹೊತ್ತಿಗೆ ಅದು ಆಗಲೇ ಒಳಗಿಂದ ಪೊಳ್ಳಾಗಿತ್ತು.

ಅತ್ತಿಗೆಗೆ ಚಿಮಾಜಿ ಅಪ್ಪಾ ಗೊತ್ತಿದ್ದದ್ದು ಕೋಟೆಯಿಂದಲ್ಲ, ವಜ್ರೇಶ್ವರಿಯಿಂದ. ಗಣೇಶಪುರಿಯ ನಿತ್ಯಾನಂದ ಸ್ವಾಮಿಗಳ ಸಮಾಧಿಗೆ ಹೋಗುವ ನಮ್ಮವರೆಲ್ಲ ಪಕ್ಕದ ವಜ್ರೇಶ್ವರಿಗೂ ಹೋಗಿ, ಬಿಸಿನೀರಿನ ಕುಂಡದಲ್ಲಿ ಕಾಲು ಅದ್ದಿ ಬರುತ್ತಾರೆ. ವಸಾಯಿ ಗೆದ್ದರೆ ಗುಡಿ ಕಟ್ಟಿಸುತ್ತೇನೆ ಅಂತ ಚಿಮಾಜಿ ಹರಕೆ ಹೊತ್ತದ್ದು ಆ ದೇವಿಗೆ. ಗೆದ್ದ, ಕಟ್ಟಿಸಿದ. ಗುಡಿಗೂ ಕೋಟೆಯ ಹಾಗೆ ಕಲ್ಲಿನ ಗೋಡೆ. "ಓ, ಆ ಕೋಟೆ ಇದಾ! ನಾನು ಯಾವುದೋ ದೂರದ್ದು ಅಂದ್ಕೊಂಡಿದ್ದೆ" ಅಂದರು ಅತ್ತಿಗೆ. ಮನೆ ಹಿಂದೆಯೇ ಇತ್ತು.

ಚಿಮಾಜಿ ಪೇಶ್ವೆ ಒಂದನೇ ಬಾಜಿರಾಯನ ತಮ್ಮ. ಮರಾಠರು 1737ರಲ್ಲೇ ಠಾಣೆಯನ್ನೂ, ವಸಾಯಿಗೂ ಬಾಂಬೆಗೂ ನಡುವಿನ ಸಾಷ್ಟಿ (ಸಾಲ್ಸೆಟ್) ದ್ವೀಪವನ್ನೂ ಹಿಡಿದಿದ್ದರು. ವಸಾಯಿ ಮಾತ್ರ ಬಗ್ಗಲಿಲ್ಲ. 1739ರ ಫೆಬ್ರುವರಿಯಲ್ಲಿ ಮುತ್ತಿಗೆ ಬಿಗಿಯಾಯಿತು. ಮೂರು ಕಡೆ ನೀರು, ಜೌಗು. ಉಳಿದ ಒಂದೇ ಕಡೆಯಿಂದ ಕಂದಕ ತೋಡುತ್ತ ಗೋಡೆಯ ಬುಡಕ್ಕೆ ಬಂದು, ಸುರಂಗದಲ್ಲಿ ಮದ್ದು ತುಂಬಿ ಸಿಡಿಸಬೇಕು. ಮರಾಠರ ಕಡೆ ಸಾವಿರಾರು ಜನ ಸತ್ತರು. ಕೋಟೆ ಕೈಗೆ ಬರದಿದ್ದರೆ ನನ್ನ ತಲೆಯನ್ನಾದರೂ ತೋಪಿಗೆ ಕಟ್ಟಿ ಒಳಗೆ ಹಾರಿಸಿ ಅಂತ ಚಿಮಾಜಿ ಅಂದನಂತೆ. ಮಹಾರಾಷ್ಟ್ರದಲ್ಲಿ ಈ ಕಥೆ ಮಕ್ಕಳಿಗೂ ಗೊತ್ತು. ಕಡೆಗೆ ಸೇಂಟ್ ಸೆಬಾಸ್ಟಿಯನ್ ಬುರುಜಿನ ಕಡೆ ಗೋಡೆ ಸಿಡಿದು ದಾರಿಯಾಯಿತು.

ಈ ನಡುವೆ ಒಳಗಿದ್ದವರು ಸಹಾಯ ಕೇಳಿದ್ದು ಯಾರನ್ನು ಗೊತ್ತಾ? ಬಾಂಬೆಯನ್ನು. ಇಂಗ್ಲಿಷರು ಸೈನ್ಯ ಕಳಿಸಿ ಕಾಪಾಡಲಿಲ್ಲ. ಸ್ವಲ್ಪ ಸಾಲ ಕೊಟ್ಟರು. ಅದಕ್ಕೂ ಚರ್ಚಿನ ಬೆಳ್ಳಿ ಸಾಮಾನು, ಹಿತ್ತಾಳೆ ತೋಪುಗಳನ್ನು ಅಡವಿಟ್ಟುಕೊಂಡರು. ಹಿಂದೆ ಇದೇ ಊರಿನ ಕಚೇರಿಯಲ್ಲಿ ಗೇಣಿ ಲೆಕ್ಕ ಒಪ್ಪಿಸುತ್ತಿದ್ದ ದ್ವೀಪ ಈಗ ಇದೇ ಊರಿನ ಪೂಜೆಯ ಪಾತ್ರೆ ಅಡವಿಟ್ಟುಕೊಳ್ಳುತ್ತಿದೆ. ನನಗೆ ಇಡೀ ಕಥೆಯಲ್ಲಿ ಮನಸ್ಸು ನಿಂತದ್ದು ಈ ಒಂದು ಜಾಗದಲ್ಲಿ.

ಶರಣಾಗತಿಯ ಷರತ್ತುಗಳು ಮಾತ್ರ ಮರ್ಯಾದೆಯವು. ಎಂಟು ದಿನದೊಳಗೆ ಬಾವುಟ ಹಾರಿಸಿಕೊಂಡು, ನಗಾರಿ ಬಾರಿಸಿಕೊಂಡು, ಸಾಮಾನು ಸಮೇತ ಹೊರಡಬಹುದು. ಕುಲೀನರು ಹೊರಟರು. ಹಡಗು ಹತ್ತಲು ಶಕ್ತಿಯಿದ್ದವರೆಲ್ಲ ಹೊರಟರು. ಸುತ್ತಲಿನ ಹಳ್ಳಿಯ ಕ್ರೈಸ್ತರು ಎಲ್ಲಿಗೆ ಹೋಗುತ್ತಾರೆ? ಅವರ ಗದ್ದೆ ಇಲ್ಲೇ, ಬಾವಿ ಇಲ್ಲೇ. ಉಳಿದರು. ದಾರಿಯಲ್ಲಿ ನೋಡಿದ ಬಾಳೆತೋಟ, ಹಾರ ಹಾಕಿದ ಶಿಲುಬೆ ಅವರ ಮಕ್ಕಳು ಮರಿಮಕ್ಕಳದ್ದು. ಈ ಭಾಗದ ಕುಪಾರಿ ಸಮುದಾಯದವರು ಮನೆಯಲ್ಲಿ ಆಡುವುದು ಕಾದೋಡಿ ಅನ್ನೋ ನುಡಿ, ಮರಾಠಿಯ ನೆಂಟ. ಸುತ್ತಮುತ್ತಲಿನ ಸಾಮವೇದಿ ಬ್ರಾಹ್ಮಣರೂ ಅದನ್ನೇ ಆಡುತ್ತಾರೆ. ಗೋಡೆ ಕಟ್ಟಿಸಿದವರ ಸಂತತಿ ಇಲ್ಲಿಲ್ಲ. ಗೋಡೆಯ ಹೊರಗೆ ಇರಬೇಕಾಗಿದ್ದವರ ಸಂತತಿ ಇದೆ. ಇದೇ ಊರಲ್ಲಿ ಹುಟ್ಟಿ, ಜೆಸ್ಯೂಟರ ಬಳಿ ಓದಿ, ಜಪಾನಿಗೆ ಹೋಗಿ 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ ಗೊನ್ಸಾಲೊ ಗಾರ್ಸಿಯಾನನ್ನು 1862ರಲ್ಲಿ ಸಂತ ಅಂತ ಸಾರಿದರು. ಅಪ್ಪ ಪೋರ್ಚುಗೀಸ, ಅಮ್ಮ ಈ ನೆಲದವಳು. ವಸಾಯಿಯ ಕ್ರೈಸ್ತರಿಗೆ ಕೋಟೆ ಅಂದರೆ ಮೊದಲು ಅವನ ಹೆಸರು.

ಇಷ್ಟೆಲ್ಲ ಓಡಾಡುವಾಗ ನನ್ನ ತಲೆಯಲ್ಲಿ ನಮ್ಮ ಕಡೆಯ ಕೋಟೆಗಳು ಸುತ್ತುತ್ತಿದ್ದವು. ಹೊನ್ನಾವರ, ಬಸ್ರೂರು, ಮಂಗಳೂರಿನಲ್ಲೂ ಪೋರ್ಚುಗೀಸರು 1568-69ರ ಹೊತ್ತಿಗೆ ಕೋಟೆ ಕಟ್ಟಿದ್ದರು. ಬಸ್ರೂರಿನಿಂದ ಗೋವಾಕ್ಕೆ ಅಕ್ಕಿ ಹೋಗುತ್ತಿತ್ತು. ಆ ಅಕ್ಕಿ ನಿಂತರೆ ಗೋವಾದ ಅಡುಗೆಮನೆಯಲ್ಲಿ ಪರದಾಟ. ಅವರನ್ನು ಅಲ್ಲಿಂದ ಎಬ್ಬಿಸಿದ್ದು ನಮ್ಮ ಕೆಳದಿಯ ಶಿವಪ್ಪ ನಾಯಕ, 1650ರ ದಶಕದಲ್ಲಿ. ಅಂದರೆ ಚಿಮಾಜಿಗಿಂತ ಸುಮಾರು 85 ವರ್ಷ ಮೊದಲು. ಸಾಗರದವನಾಗಿ ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತೆ. "ಹಾಗಾದ್ರೆ ಅವನಿಗೂ ಹೀಗೆ ಕುದುರೆ ಮೇಲೆ ಕೂತ ಪ್ರತಿಮೆ ಬಸ್ರೂರಲ್ಲಿ ಇದೆಯಾ?" ಅಂತ ಅತ್ತಿಗೆ ಕೇಳಿದರು. ನಾನು ಮಾತು ಬದಲಿಸಿದೆ.

ಕೋಟೆಯ ಹೆಸರು ಇತಿಹಾಸದಲ್ಲಿ ಇನ್ನೊಮ್ಮೆ ಬರುತ್ತದೆ, ಈ ಸಲ ಮರಾಠರ ಸೋಲಿಗೆ. 1802ರ ಅಕ್ಟೋಬರಿನಲ್ಲಿ ಯಶವಂತರಾವ್ ಹೋಳ್ಕರ್ ಪುಣೆಯಲ್ಲಿ ಗೆದ್ದಾಗ ಪೇಶ್ವೆ ಎರಡನೇ ಬಾಜಿರಾಯ ಓಡಿಬಂದು ಆಶ್ರಯ ಪಡೆದದ್ದು ವಸಾಯಿಯಲ್ಲಿ. ಡಿಸೆಂಬರ್ 31ರಂದು ಇಂಗ್ಲಿಷರ ಜೊತೆ ಒಪ್ಪಂದ. ನನ್ನನ್ನು ಗಾದಿಗೆ ಕೂರಿಸಿ, ನಿಮ್ಮ ಸೈನ್ಯವನ್ನು ನನ್ನ ಖರ್ಚಿನಲ್ಲಿ ಇಟ್ಟುಕೊಳ್ಳುತ್ತೇನೆ. ಅಲ್ಲಿಗೆ ಮರಾಠರ ಸ್ವತಂತ್ರ ಆಳ್ವಿಕೆಗೆ ಕೊಳ್ಳಿ ಬಿತ್ತು. ಬಾಜಿರಾಯನನ್ನು ಪುಣೆಗೆ ತಂದು ಕೂರಿಸಲು ಹೊರಟ ಪಡೆ ಎಲ್ಲಿಂದ ಬಂತು ಗೊತ್ತಾ? ತುಂಗಭದ್ರೆಯ ದಂಡೆಯ ಹರಿಹರದಿಂದ. 1803ರ ಮಾರ್ಚಿನಲ್ಲಿ ಅಲ್ಲಿಂದ ಹೊರಟ ಆರ್ಥರ್ ವೆಲ್ಲೆಸ್ಲಿ ಏಪ್ರಿಲ್ 20ಕ್ಕೆ ಪುಣೆ ಮುಟ್ಟಿದ. ಜೊತೆಯಲ್ಲಿ ಮೈಸೂರಿನ ಕುದುರೆ ಸವಾರರಿದ್ದರು. ದಾವಣಗೆರೆ ಕಡೆಯವರಿಗೆ ಇದು ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಈಗ ಗೊತ್ತಾಯಿತು.

ಪಾಳು ಜಾಗವನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದರಲ್ಲಿ ನನ್ನ ಅಭಿಪ್ರಾಯ ಇಲ್ಲಿ ಸ್ವಲ್ಪ ಬದಲಾಯಿತು. ಬೇಲಿ ಹಾಕಿ, ಹುಲ್ಲುಹಾಸು ಬೆಳೆಸಿ, ಟಿಕೆಟ್ ಇಟ್ಟರೆ ಸ್ಮಾರಕ ಉಳಿಯುತ್ತದೆ ಅಂತ ಮೊದಲು ಅಂದುಕೊಳ್ಳುತ್ತಿದ್ದೆ. ಇಲ್ಲಿ ಜನ ಕೋಟೆಯನ್ನು ಬಳಸುತ್ತಿದ್ದಾರೆ. ತಾಳೆ ಮರದಿಂದ ಕಳ್ಳು ಇಳಿಸುತ್ತಾರೆ. ಗೋಡೆ ನೆರಳಲ್ಲಿ ಬಲೆ ಹೊಲಿಯುತ್ತಾರೆ. ಕಾಲೇಜು ಹುಡುಗರು ಗಿಟಾರು ತರುತ್ತಾರೆ. ಇದರಿಂದ ಗೋಡೆಗೆ ಏನೂ ಆಗುವುದಿಲ್ಲ. ಆಗುವುದು ಕೀಲಿಕೈಯಿಂದ ಹೆಸರು ಕೊರೆಯುವವರಿಂದ, ಕಮಾನಿನ ಮೂಲೆಯಲ್ಲಿ ಬಾಟಲಿ ಒಡೆಯುವವರಿಂದ. ಅದಕ್ಕಿಂತ ಜಾಸ್ತಿ ಬೇಜಾರಾದದ್ದು ರಿಪೇರಿ ನೋಡಿ. ಕೆಲವು ಕಡೆ ಹಳೇ ಕಲ್ಲಿನ ನಡುವೆ ಹೊಸ ಗಾರೆ, ಹೊಸ ಕಲ್ಲು ಎಷ್ಟು ನುಣುಪಾಗಿದೆ ಅಂದರೆ ಎರಡೂ ಒಂದಕ್ಕೊಂದು ಸೇರುವುದೇ ಇಲ್ಲ. ಬೀಳದಂತೆ ಹಿಡಿದರೆ ಸಾಕಿತ್ತು. ಹೊಸದು ಮಾಡಬೇಕಿರಲಿಲ್ಲ.

ಮದುವೆ ಫೋಟೊಗೆ ಬಂದವರ ಬಗ್ಗೆ ಅಣ್ಣ ಹೇಳಿದ್ದು ನಿಜ. ಡೊಮಿನಿಕನ್ ಚರ್ಚಿನ ಹತ್ತಿರ ಒಬ್ಬಳು ಉದ್ದ ಬಾಲದ ಗೌನು ಹಾಕಿ ನಿಂತಿದ್ದಳು. ಫೋಟೊಗ್ರಾಫರನ ಸಹಾಯಕ ಬಾಲವನ್ನು ಮೇಲೆ ಎಸೆದು ಓಡಿಹೋಗಿ ಬಚ್ಚಿಟ್ಟುಕೊಳ್ಳಬೇಕು, ಗಾಳಿಯಲ್ಲಿ ಹಾರಿದ ಹಾಗೆ ಕಾಣಬೇಕು. ಹುಡುಗ ಎಸೆಯುವುದು, ಬೀಳುವುದು, ಮತ್ತೆ ಎಸೆಯುವುದು. ಅತ್ತಿಗೆ ಮುಳ್ಳಿಗೆ ಸಿಕ್ಕಿದ ಅಂಚು ಬಿಡಿಸಿಕೊಟ್ಟರು.

ಸಮುದ್ರದ ಕಡೆಯ ಬಾಗಿಲು ದಾಟಿದರೆ ಪೂರ್ತಿ ಬೇರೆ ಲೋಕ. ಈ ಬಾಗಿಲನ್ನು ನೇರ ನುಗ್ಗಲಾಗದ ಹಾಗೆ ತಿರುವು ಕೊಟ್ಟು ಕಟ್ಟಿದ್ದಾರೆ. ಒಂದನ್ನು ಒಡೆದು ಒಳಗೆ ಬಂದ ಶತ್ರು ಇನ್ನೊಂದರ ಮುಂದೆ ಇಕ್ಕಟ್ಟಿನಲ್ಲಿ ಸಿಕ್ಕಿಬೀಳುತ್ತಾನೆ. ಮರದ ಕದದ ಮೇಲೆ ಆನೆ ಗುದ್ದದಂತೆ ಕಬ್ಬಿಣದ ಮೊಳೆಗಳು. ಹೊರಗೆ ಕೋಳಿಗಳ ಬಂದರು, ಅಂದರೆ ಮೀನುಗಾರ ಕೋಳಿ ಜನರದ್ದು. ಬಣ್ಣಬಣ್ಣದ ಬಾವುಟ ಕಟ್ಟಿದ ದೋಣಿಗಳು. ದಡದ ಉದ್ದಕ್ಕೂ ಬಿದಿರು ಕಟ್ಟಿ, ಹಗ್ಗ ಎಳೆದು ಬೊಂಬಿಲ್ ಮೀನು ಒಣಗಿಸಲು ಹಾಕಿದ್ದರು. ಹೇಗೆ ಹಾಕುತ್ತಾರೆ ಅಂತ ಹತ್ತಿರ ಹೋಗಿ ನೋಡಿದೆ. ಎರಡು ಮೀನು ತಗೊಂಡು ಒಂದರ ಬಾಯಿಯ ದವಡೆಯನ್ನು ಇನ್ನೊಂದರ ದವಡೆಗೆ ಸಿಕ್ಕಿಸಿ ಹಗ್ಗದ ಆ ಕಡೆ ಒಂದು, ಈ ಕಡೆ ಒಂದು ಇಳಿಬಿಡುತ್ತಾರೆ. ದಾರ ಬೇಡ, ಕೊಕ್ಕೆ ಬೇಡ. ಆ ಹೆಂಗಸಿನ ಕೈ ನೋಡುತ್ತಿದ್ದರೆ ಎಷ್ಟು ಬೇಗ ಅಂದರೆ, ನಾನು ಮೊಬೈಲ್ ತೆಗೆಯುವುದರೊಳಗೆ ಒಂದು ಗಜ ಹಗ್ಗ ತುಂಬಿತ್ತು. ಕೋಟೆ ಯಾರು ಕಟ್ಟಿಸಿದ್ದು ಗೊತ್ತಾ ಅಂತ ಅತ್ತಿಗೆ ಮರಾಠಿಯಲ್ಲಿ ಕೇಳಿದರು. "ಪೋರ್ಚುಗೀಸರಂತೆ" ಅಂದಳು ಆಕೆ, ಕೈ ನಿಲ್ಲಿಸದೆ. "ನಾವು ಅದಕ್ಕಿಂತ ಮೊದಲೇ ಇಲ್ಲಿದ್ದೆವು." ಅತ್ತಿಗೆ ಒಂದು ಕಟ್ಟು ಒಣಮೀನು ಕೊಂಡರು. ನಾನು ಬ್ಯಾಗು ದೂರ ಇಟ್ಟೆ.

ಸಂಜೆ ದಾದರಿಗೆ ಹೋಗುವ ಗಾಡಿ ಖಾಲಿ ಇತ್ತು. ಭಾನುವಾರವಾದರೂ ಎದುರಿನಿಂದ ಬರುವ ಗಾಡಿಗಳಲ್ಲಿ ಜನ ಬಾಗಿಲಲ್ಲಿ ಜೋತಾಡುತ್ತಿದ್ದರು. ವಿರಾರ್‌ನಿಂದ ಬಾಂಬೆಯ ಬ್ಯಾಕ್‌ಬೇಗೆ ಮೊದಲ ಲೋಕಲ್ ಓಡಿದ್ದು 1867ರಲ್ಲಿ, ದಿನಕ್ಕೆ ಒಂದೇ ಗಾಡಿ. ಆ ಒಂದು ಗಾಡಿಯಿಂದ ವಸಾಯಿಯ ಹೊಸ ಕೆಲಸ ನಿಶ್ಚಯವಾಯಿತು. ರಾತ್ರಿ ಮಲಗಲು ಒಂದೂರು, ಹಗಲು ದುಡಿಯಲು ಇನ್ನೊಂದೂರು.

ಒಂದು ವಿಷಯ ಬಾಕಿ ಇದೆ. ವಸಾಯಿಯ ಚರ್ಚುಗಳಲ್ಲಿ ಗೋಪುರವಿದೆ, ಗಂಟೆಯಿಲ್ಲ. ಗೆದ್ದ ಮರಾಠರು ದೊಡ್ಡ ಗಂಟೆಗಳನ್ನು ಇಳಿಸಿ ಕೊಂಡೊಯ್ದು ತಮ್ಮ ದೇವಸ್ಥಾನಗಳಿಗೆ ಅರ್ಪಿಸಿದರು. ಜ್ಯೋತಿರ್ಲಿಂಗ ಯಾತ್ರೆಗೆ ಅಂತ ನಮ್ಮ ಕಡೆಯಿಂದ ಎಷ್ಟೊಂದು ಬಸ್ಸು ಭೀಮಾಶಂಕರಕ್ಕೆ ಹೋಗುತ್ತವೆ. ಅಲ್ಲಿ ಶನಿದೇವರ ಗುಡಿಯ ಮುಂದೆ ತೂಗುವ ಗಂಟೆಯ ಮೇಲೆ ಶಿಲುಬೆ ಇದೆ, ಮಗುವನ್ನು ಎತ್ತಿಕೊಂಡ ಮೇರಿ ಇದ್ದಾಳೆ, 1729 ಅಂತ ಇಸವಿ ಇದೆ. ಇನ್ನೊಂದು ಸಾತಾರಾ ಜಿಲ್ಲೆಯ ಮೇಣವಲಿಯಲ್ಲಿ, ನಾನಾ ಫಡ್ನವೀಸರ ವಾಡೆಯ ಹಿಂದಿನ ಘಟ್ಟದಲ್ಲಿ, ಕೃಷ್ಣಾ ನದಿಯ ದಂಡೆಗೆ. ಅದರ ಮೇಲೆ 1707. ಬೆಳಗಾವಿಯಿಂದ ಪುಣೆಗೆ ಕಾರಿನಲ್ಲಿ ಹೋಗುವವರಿಗೆ ಇದು ದೊಡ್ಡ ಸುತ್ತೇನಲ್ಲ. ಹೆದ್ದಾರಿ ಬಿಟ್ಟು ವಾಯಿಗೆ ಬಂದು, ಅಲ್ಲಿಂದ ಮೂರು ಕಿಲೋಮೀಟರ್ ಹೋದರೆ ಸಿಗುತ್ತದೆ. ನಾನು ಭೀಮಾಶಂಕರದ್ದನ್ನು ಹಿಂದೊಮ್ಮೆ ನೋಡಿದ್ದೆ, ಎಲ್ಲಿಯದು ಅಂತ ಆಗ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಮೇಣವಲಿಯದು ಮುಂದಿನ ಪುಣೆ ಪ್ರಯಾಣಕ್ಕೆ.